ಗ್ರಾಹಕ ಆಂಟೆನಾ ಮತ್ತು ಏಕಾಕ್ಷ ಕೇಬಲ್ಲಿನ ಕನೆಕ್ಟರು: ಒಂದು ಆಯ್ಕೆಯ ಚರಿತ್ರೆ

೧

ಹವ್ಯಾಸಿ ರೇಡಿಯೋವಿನ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ನಿರ್ವಾತ ಕೊಳವೆ, ಟ್ರಾನ್ಸಿಸ್ಟರು, ಆಂಟೆನಾ ಇವುಗಳ ಬೆಳವಣಿಗೆಯನ್ನು ಸವಿಸ್ತಾರವಾಗಿ ನಿರೂಪಿಸುತ್ತಾರೆ. ಆಂಟೆನಾದಿಂದ ಇಳಿದು ಬರುವ ಕೇಬಲ್ಲನ್ನು ಗ್ರಾಹಕ ಯಂತ್ರಕ್ಕೆ ಕೂಡಿಸುವ, ಹೆಬ್ಬೆರಳಿನಷ್ಟು ದಪ್ಪದ ಲೋಹದ ತುಂಡನ್ನು ಕುರಿತು ಅವರು ಬರೆಯುವುದು ವಿರಳ. ಆದರೆ ಈ ಹವ್ಯಾಸಕ್ಕೆ ಹೊಸದಾಗಿ ಇಳಿದವನು, ಅಥವಾ ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೊದಲ ಬಾರಿಗೆ ಆಂಟೆನಾ ಕಟ್ಟಿದ ವಿದ್ಯಾರ್ಥಿ, ಅಂಗಡಿಯ ಮುಂದೆ ನಿಂತಾಗ ಎದುರಿಸುವ ಮೊದಲ ತೊಡಕು ಇದೇ ಆಗಿದೆ. ಯು.ಎಚ್.ಎಫ್., ಎನ್, ಬಿ.ಎನ್.ಸಿ., ಎಫ್, ಎಸ್.ಎಂ.ಎ. ಎಂದು ಅಂಗಡಿಯವನು ಹೆಸರು ಹೇಳುತ್ತ ಹೋಗುತ್ತಾನೆ. ಯಾವುದನ್ನು ಕೊಳ್ಳಬೇಕು, ಏಕೆ ಕೊಳ್ಳಬೇಕು ಎಂಬುದು ಕೇಳಿದವನಿಗೆ ತಿಳಿಯದು.

ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ಯಾವುದರಲ್ಲಿ ಸಂಕೇತದ ನಷ್ಟ ಕಡಿಮೆಯೋ ಅದನ್ನು ಕೊಳ್ಳತಕ್ಕದ್ದು. ಉತ್ತರ ಸರಳವಾಗಿದೆ, ಆದರೆ ಅದು ಗ್ರಾಹಕ ಆಂಟೆನಾಕ್ಕೆ ಹೊಂದುವ ಉತ್ತರವೇ ಎಂಬುದನ್ನು ವಿಚಾರಿಸಿ ನೋಡಬೇಕಾಗಿದೆ. ಈ ಲೇಖನದಲ್ಲಿ ನಾವು ಏಕಾಕ್ಷ ಕೇಬಲ್ಲು ಮತ್ತು ಅದರ ಕನೆಕ್ಟರುಗಳು ಹುಟ್ಟಿ ಬೆಳೆದ ಬಗೆಯನ್ನು ಸಂಕ್ಷೇಪವಾಗಿ ಪರಿಶೀಲಿಸಿ, ಈ ಉತ್ತರವು ಮೂಲತಃ ಪ್ರೇಷಕ ಯಂತ್ರದ ಪ್ರಶ್ನೆಗೆ ಹುಟ್ಟಿದ ಉತ್ತರವೆಂಬುದನ್ನು ತೋರಿಸಲು ಯತ್ನಿಸುತ್ತೇವೆ. ಗ್ರಾಹಕ ಆಂಟೆನಾದ ವಿಷಯದಲ್ಲಿ, ಅದರಲ್ಲಿಯೂ ೩೦ ಮೆಗಾಹರ್ಟ್ಸಿಗೆ ಕೆಳಗಿನ ಹ್ರಸ್ವತರಂಗಗಳಲ್ಲಿ, ಎಷ್ಟು ಸಂಕೇತ ಸೋರಿಹೋಗುತ್ತದೆ ಎಂಬುದಕ್ಕಿಂತ ಎಷ್ಟು ಅನ್ಯ ಗದ್ದಲ ಒಳಗೆ ನುಸುಳುತ್ತದೆ ಎಂಬುದೇ ಮುಖ್ಯವಾದ ಪ್ರಶ್ನೆ. ಏಕಾಕ್ಷ ಕೇಬಲ್ಲನ್ನು ಮೊದಲು ಕಲ್ಪಿಸಿದ್ದೂ ಈ ಎರಡನೆಯ ಪ್ರಶ್ನೆಗಾಗಿಯೇ. ನಡುವಿನ ಕಾಲದಲ್ಲಿ ಅದು ಮರೆಗೆ ಸರಿಯಿತು.

೨

ಹವ್ಯಾಸಿಗಳ ಗ್ರಾಹಕ ಆಂಟೆನಾಗಳಲ್ಲಿ ಬಹು ಪ್ರಸಿದ್ಧವಾದುದೊಂದು ೧೯೨೧ರಷ್ಟು ಹಿಂದಿನದು. ಆ ವರ್ಷ ಅಮೆರಿಕದ ಹವ್ಯಾಸಿಗಳ ಸಂಘವಾದ ಅಮೆರಿಕನ್ ರೇಡಿಯೋ ರಿಲೇ ಲೀಗ್, ಪಾಲ್ ಗಾಡ್ಲಿ ಎಂಬ ನಿಪುಣನನ್ನು ಸ್ಕಾಟ್ಲೆಂಡಿಗೆ ಕಳುಹಿಸಿತು. ಅಮೆರಿಕದ ಹವ್ಯಾಸಿಗಳ ಸಂಕೇತಗಳು ಅಟ್ಲಾಂಟಿಕ್ ಸಾಗರವನ್ನು ದಾಟಿ ಬರಬಲ್ಲವೇ ಎಂಬುದನ್ನು ನಿರ್ಧರಿಸುವುದು ಆತನ ಕೆಲಸ. ಆತ ಆರ್ಡ್ರಾಸನ್ ಎಂಬ ಕಡಲತೀರದ ಊರಿನ ಬಯಲಿನಲ್ಲಿ ಡೇರೆ ಹಾಕಿ, ತಗ್ಗಾದ ಕಂಬಗಳ ಮೇಲೆ ಸುಮಾರು ೧,೩೦೦ ಅಡಿ ಉದ್ದದ ತಂತಿಯನ್ನು ಎಳೆಸಿದನು. ಹೆರಾಲ್ಡ್ ಬೆವರೇಜ್ ಎಂಬ ಇಂಜಿನಿಯರು ಆಗತಾನೆ ರೂಪಿಸಿದ್ದ ಈ ಆಂಟೆನಾ ಇಂದಿಗೂ ಆತನ ಹೆಸರಿನಿಂದಲೇ ಬಳಕೆಯಲ್ಲಿದೆ. ಮಳೆಗಾಳಿಯ ಆ ರಾತ್ರಿಗಳಲ್ಲಿ ಗಾಡ್ಲಿ ಅಮೆರಿಕದ ಹಲವು ಹವ್ಯಾಸಿ ನಿಲಯಗಳನ್ನು ಕೇಳಿದನು. ಕನೆಕ್ಟಿಕಟ್ ರಾಜ್ಯದ ಗ್ರೀನಿಚ್ಚಿನಲ್ಲಿದ್ದ ನಿಲಯದಿಂದ ಒಂದು ಸಂದೇಶವನ್ನು ಪೂರ್ಣವಾಗಿ ಬರೆದುಕೊಂಡನು.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಗಾಡ್ಲಿಗೆ ಕೇಬಲ್ಲಿನ ತೊಂದರೆಯಾಗಲಿ ಕನೆಕ್ಟರಿನ ತೊಂದರೆಯಾಗಲಿ ಇರಲಿಲ್ಲ. ಆಂಟೆನಾದ ತಂತಿಯೇ ನೇರವಾಗಿ ಡೇರೆಯೊಳಗೆ ಬಂದು ಯಂತ್ರದ ತಿರುಪಿನ ಮೊಳೆಗೆ ಸೇರುತ್ತಿತ್ತು. ಸುತ್ತಲೂ ನಿರ್ಜನವಾದ ಬಯಲು. ವಿದ್ಯುಚ್ಛಕ್ತಿಯ ಮನೆಗಳು ಹತ್ತಿರದಲ್ಲಿರಲಿಲ್ಲ. ಅನಂತರದ ದಶಕಗಳಲ್ಲಿ ಮನೆಮನೆಗೆ ವಿದ್ಯುಚ್ಛಕ್ತಿ ಬಂದಿತು. ಮೋಟಾರು, ಸ್ವಿಚ್ಚು, ಟ್ಯೂಬ್ ಲೈಟು, ಕೊನೆಗೆ ನಮ್ಮ ಕಾಲದ ಎಲ್.ಇ.ಡಿ. ದೀಪ ಮತ್ತು ಮೊಬೈಲ್ ಚಾರ್ಜರು, ಇವೆಲ್ಲವೂ ರೇಡಿಯೋ ಗದ್ದಲವನ್ನು ಹೊಮ್ಮಿಸುವಂಥವು. ಆದುದರಿಂದ ಆಂಟೆನಾವನ್ನು ಮನೆಯಿಂದ ದೂರಕ್ಕೆ ಒಯ್ಯಬೇಕಾಯಿತು. ಆದರೆ ಯಂತ್ರ ಮನೆಯೊಳಗೇ ಉಳಿಯಿತು. ಇವೆರಡರ ನಡುವಣ ತಂತಿ ಗದ್ದಲದ ಮಧ್ಯದಲ್ಲಿಯೇ ಹಾಯಬೇಕಷ್ಟೆ. ಆ ತಂತಿ ತಾನೇ ಆಂಟೆನಾವಾಗಿ ಮನೆಯ ಗದ್ದಲವನ್ನೆಲ್ಲ ಹೀರಿಕೊಂಡರೆ ತೋಟದ ಕೊನೆಯಲ್ಲಿ ಆಂಟೆನಾ ಕಟ್ಟಿದ ಶ್ರಮ ವ್ಯರ್ಥ. ಏಕಾಕ್ಷ ಕೇಬಲ್ಲಿನ ಅಗತ್ಯ ಗ್ರಾಹಕನಿಗೆ ಉಂಟಾದುದು ಇಲ್ಲಿ.

೩

ಈ ಅಗತ್ಯವನ್ನು ಬೇರೊಂದು ಸಂದರ್ಭದಲ್ಲಿ ಬಹು ಹಿಂದೆಯೇ ಮನಗಂಡಿದ್ದವನು ಇಂಗ್ಲೆಂಡಿನ ಆಲಿವರ್ ಹೆವಿಸೈಡ್. ತಂತಿ ಸಮಾಚಾರದ ಕಚೇರಿಯಲ್ಲಿ ಕೆಲಮಟ್ಟಿಗೆ ದುಡಿದು, ಬಳಿಕ ಏಕಾಂತದಲ್ಲಿ ಗಣಿತವನ್ನು ಸಾಧಿಸಿದ ಈತ ೧೮೮೦ರಲ್ಲಿ ಒಂದು ಪೇಟೆಂಟನ್ನು ಪಡೆದನು. ಒಂದು ತಂತಿಯನ್ನು ಕೊಳವೆಯಂಥ ಮತ್ತೊಂದು ವಾಹಕದ ನಡುವೆ ಇರಿಸಿ, ಎರಡರ ಮಧ್ಯೆ ವಿದ್ಯುದ್ರೋಧಕವನ್ನು ತುಂಬುವುದು ಅದರ ಸಾರ. ಎರಡು ವಾಹಕಗಳಿಗೂ ಒಂದೇ ಅಕ್ಷವಿರುವುದರಿಂದ ಏಕಾಕ್ಷ ಎಂಬ ಹೆಸರು ಒಪ್ಪುತ್ತದೆ. ಸಮುದ್ರದಡಿಯ ತಂತಿ ಸಮಾಚಾರದ ಕೇಬಲ್ಲುಗಳಿಗೂ ಹೆಚ್ಚುಕಡಿಮೆ ಇದೇ ಆಕಾರವಿತ್ತೆಂಬುದು ನಿಜ. ಆದರೆ ಹೆವಿಸೈಡನ ಉದ್ದೇಶ ಬೇರೆಯಾಗಿದ್ದಿತು. ಟೆಲಿಫೋನು ಆಗ ಹೊಸತು. ಅದರ ತಂತಿ ತಂತಿ ಸಮಾಚಾರದ ತಂತಿಗಳಿಗೆ ಸಮಾಂತರವಾಗಿ ಹಾಯ್ದಾಗ, ಆ ತಂತಿಗಳ ಟಕಟಕ ಸದ್ದು ಪ್ರೇರಣೆಯಿಂದ ಟೆಲಿಫೋನಿನಲ್ಲಿಯೂ ಕೇಳಿಬರುತ್ತಿತ್ತು. ಈ ಅನ್ಯ ಸದ್ದನ್ನು ಹೊರಗಿಡುವುದೇ ಹೆವಿಸೈಡನ ಗುರಿ. ಆತನಿಗೆ ಕೊಳವೆಯು ಮೊದಲು ಕವಚ, ಅನಂತರ ವಾಹಕ.

ಕವಚ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಿಕೊಳ್ಳುವುದು ಲೇಸು. ಉಚ್ಚ ಆವೃತ್ತಿಯ ವಿದ್ಯುತ್ಪ್ರವಾಹ ಲೋಹದ ಒಳಕ್ಕೆ ಇಳಿಯದೆ ಅದರ ಮೈಮೇಲಿನ ತೆಳುವಾದ ಪದರದಲ್ಲಿ ಮಾತ್ರ ಹರಿಯುತ್ತದೆ. ೧೦ ಮೆಗಾಹರ್ಟ್ಸಿನಲ್ಲಿ ತಾಮ್ರದಲ್ಲಿ ಈ ಪದರದ ದಪ್ಪ ಒಂದು ಮಿಲಿಮೀಟರಿನ ಐವತ್ತರಲ್ಲೊಂದು ಪಾಲು. ಹೀಗಿರಲಾಗಿ ಕವಚದ ಒಳಮೈ ಮತ್ತು ಹೊರಮೈ ಎರಡು ಬೇರೆ ಬೇರೆ ವಾಹಕಗಳಂತೆ ವರ್ತಿಸುತ್ತವೆ. ಆಂಟೆನಾದ ಸಂಕೇತ ಒಳಮೈಯಲ್ಲಿ ಹರಿದು ಬರುತ್ತದೆ. ಮನೆಯ ಗದ್ದಲ ಹೊರಮೈಯಲ್ಲಿ ಹರಿಯುತ್ತದೆ. ಕವಚ ಎಲ್ಲಿಯೂ ಕಡಿಯದಿರುವವರೆಗೆ ಇವೆರಡೂ ಒಂದನ್ನೊಂದು ಸಂಧಿಸುವುದಿಲ್ಲ. ಕವಚ ಕಡಿಯುವ ಸಂಭವ ಹೆಚ್ಚಾಗಿರುವುದು ಎಲ್ಲಿ? ಕೇಬಲ್ಲಿನ ನಡುವೆಯಲ್ಲ, ಅದರ ತುದಿಯಲ್ಲಿ, ಎಂದರೆ ಕನೆಕ್ಟರಿನಲ್ಲಿ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಚರಿತ್ರೆಯನ್ನು ನೋಡಬೇಕು.

೪

ಹೆವಿಸೈಡನ ಕಲ್ಪನೆ ಸುಮಾರು ಅರ್ಧ ಶತಮಾನ ವ್ಯವಹಾರಕ್ಕೆ ಬರಲಿಲ್ಲ. ೧೯೨೯ರಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ವ್ಯವಸ್ಥೆಗೆ ಸೇರಿದ ಲಾಯ್ಡ್ ಎಸ್ಪೆನ್‌ಶೀಡ್ ಮತ್ತು ಹರ್ಮನ್ ಆಫೆಲ್ ಎಂಬಿಬ್ಬರು ಏಕಾಕ್ಷ ವಾಹಕ ವ್ಯವಸ್ಥೆಯೊಂದಕ್ಕೆ ಪೇಟೆಂಟು ಕೋರಿದರು. ೧೯೩೧ರಲ್ಲಿ ಅದು ದೊರೆಯಿತು. ಒಂದೇ ಕೇಬಲ್ಲಿನಲ್ಲಿ ನೂರಾರು ಟೆಲಿಫೋನು ಸಂಭಾಷಣೆಗಳನ್ನು, ಇಲ್ಲವೇ ಒಂದು ಟೆಲಿವಿಷನ್ ಚಿತ್ರವನ್ನು, ದೂರದ ಊರಿಗೆ ಕಳುಹಿಸುವುದು ಅವರ ಆಶಯ. ೧೯೩೬ರಲ್ಲಿ ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯ ನಗರಗಳ ನಡುವೆ ಪ್ರಾಯೋಗಿಕ ಕೇಬಲ್ಲು ಬಂದಿತು. ೧೯೪೧ರಲ್ಲಿ ಮಿನಿಯಾಪೊಲಿಸ್ ಮತ್ತು ಸ್ಟೀವನ್ಸ್ ಪಾಯಿಂಟ್ ಊರುಗಳ ನಡುವೆ ವಾಣಿಜ್ಯ ಮಾರ್ಗ ತೆರೆಯಿತು.

ಇಲ್ಲಿಗೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. ನೂರಾರು ಮೈಲಿ ಸಾಗಬೇಕಾದ ಕೇಬಲ್ಲಿನಲ್ಲಿ ನಷ್ಟವೇ ಮುಖ್ಯ ಚಿಂತೆಯಾಗುವುದು ಸಹಜ. ಬೆಲ್ ಪ್ರಯೋಗಶಾಲೆಯವರ ಲೆಕ್ಕಾಚಾರದಂತೆ, ಒಳಗೆ ಗಾಳಿ ತುಂಬಿದ ಏಕಾಕ್ಷ ಕೇಬಲ್ಲಿನಲ್ಲಿ ನಷ್ಟ ಅತ್ಯಂತ ಕಡಿಮೆಯಾಗುವುದು ಇಂಪೀಡೆನ್ಸ್ ಸುಮಾರು ೭೭ ಓಮ್ ಇದ್ದಾಗ. ಅತ್ಯಂತ ಹೆಚ್ಚಿನ ಶಕ್ತಿಯನ್ನು ಸಾಗಿಸಬಹುದಾದುದು ಸುಮಾರು ೩೦ ಓಮ್ ಇದ್ದಾಗ. ಇಂದು ನಾವು ಕಾಣುವ ೭೫ ಓಮ್ ಮತ್ತು ೫೦ ಓಮ್ ಎಂಬ ಎರಡು ಕುಲಗಳ ಬೇರು ಇಲ್ಲಿದೆ. ನಷ್ಟವನ್ನು ತಗ್ಗಿಸಬೇಕೆಂದ ಟೆಲಿಫೋನು ಮತ್ತು ಟೆಲಿವಿಷನ್ನಿನವರು ೭೫ನ್ನು ಹಿಡಿದರು. ಶಕ್ತಿಯನ್ನೂ ಸಾಗಿಸಬೇಕಾಗಿದ್ದ ಪ್ರೇಷಕರು ಎರಡರ ನಡುವಣ ೫೦ಕ್ಕೆ ಒಪ್ಪಿದರು. ಗಾಳಿಯ ಬದಲು ಗಟ್ಟಿ ಪಾಲಿಥೀನನ್ನು ತುಂಬಿದರೆ ಕನಿಷ್ಠ ನಷ್ಟದ ಇಂಪೀಡೆನ್ಸೂ ೫೧ ಓಮಿನ ಸುಮಾರಿಗೆ ಇಳಿಯುತ್ತದೆಂಬುದು ೫೦ಕ್ಕೆ ಮತ್ತೊಂದು ಬೆಂಬಲವಾಯಿತು.

ಪಾಲಿಥೀನಿನ ಮಾತು ಬಂದುದರಿಂದ ಅದರ ಚರಿತ್ರೆಯನ್ನೂ ಒಂದೆರಡು ವಾಕ್ಯಗಳಲ್ಲಿ ಹೇಳಬಹುದು. ೧೯೩೩ರಲ್ಲಿ ಇಂಗ್ಲೆಂಡಿನ ಐ.ಸಿ.ಐ. ಸಂಸ್ಥೆಯ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಎಂಬ ರಸಾಯನ ವಿಜ್ಞಾನಿಗಳಿಗೆ ಬೇರೆ ಪ್ರಯೋಗವೊಂದನ್ನು ಮಾಡುತ್ತಿದ್ದಾಗ ಮೇಣದಂಥ ಈ ವಸ್ತು ಆಕಸ್ಮಿಕವಾಗಿ ದೊರೆಯಿತು. ೧೯೩೯ರಲ್ಲಿ ಅದರ ತಯಾರಿಕೆ ಆರಂಭವಾಯಿತು. ಅದೇ ವರ್ಷ ಎರಡನೆಯ ಮಹಾಯುದ್ಧವೂ ಆರಂಭವಾಯಿತು. ಬಾಗುವ, ನೀರು ಹೀರದ, ಉಚ್ಚ ಆವೃತ್ತಿಯಲ್ಲಿಯೂ ನಷ್ಟ ಕಡಿಮೆಯಿರುವ ಈ ವಸ್ತು ರೇಡಾರಿನ ಕೇಬಲ್ಲುಗಳಿಗೆ ಹೇಳಿ ಮಾಡಿಸಿದಂತಿತ್ತು. ಏಕಾಕ್ಷ ಕೇಬಲ್ಲು ನೆಲದಡಿಯ ಕೊಳವೆಯಿಂದ ಹೊರಬಂದು ಸುರುಳಿ ಸುತ್ತಬಹುದಾದ ತಂತಿಯಾದುದು ಹೀಗೆ.

೫

ಕೇಬಲ್ಲು ಬಾಗುವಂತಾದ ಮೇಲೆ ಅದನ್ನು ಬೇಗ ಕೂಡಿಸಿ ಬೇಗ ಬಿಡಿಸುವ ಸಾಧನ ಬೇಕಾಯಿತು. ೧೯೩೦ರ ದಶಕದಲ್ಲಿ ಅಮೆರಿಕದ ಆಂಫೆನಾಲ್ ಸಂಸ್ಥೆಯಲ್ಲಿದ್ದ ಕ್ಲಾರ್ಕ್ ಕ್ವಾಕೆನ್‌ಬುಷ್ ರೂಪಿಸಿದ ಕನೆಕ್ಟರಿಗೆ ಯು.ಎಚ್.ಎಫ್. ಎಂಬ ಹೆಸರು ಬಂದಿತು. ಅಮೆರಿಕದ ಸೇನೆ ಅದರ ಪ್ಲಗ್ಗಿಗೆ ಪಿ.ಎಲ್. ೨೫೯ ಎಂದೂ ಸಾಕೆಟ್ಟಿಗೆ ಎಸ್.ಓ. ೨೩೯ ಎಂದೂ ಸಂಖ್ಯೆಗಳನ್ನು ಕೊಟ್ಟಿತು. ಹವ್ಯಾಸಿಗಳು ಇಂದಿಗೂ ಅವನ್ನು ಈ ಸಂಖ್ಯೆಗಳಿಂದಲೇ ಕರೆಯುತ್ತಾರೆ. ಅತ್ಯುಚ್ಚ ಆವೃತ್ತಿ ಎಂಬ ಅರ್ಥದ ಈ ಹೆಸರು ಓದುಗರನ್ನು ದಾರಿತಪ್ಪಿಸುವಂಥದು. ಆ ಕಾಲದಲ್ಲಿ ೩೦ ಮೆಗಾಹರ್ಟ್ಸನ್ನು ಮೀರಿದುದೆಲ್ಲವೂ ಅತ್ಯುಚ್ಚವೇ. ಇಂದಿನ ವಿಭಾಗದಂತೆ ಅತ್ಯುಚ್ಚ ಆವೃತ್ತಿ ಎಂದರೆ ೩೦೦ರಿಂದ ೩,೦೦೦ ಮೆಗಾಹರ್ಟ್ಸ್. ಅಲ್ಲಿ ಈ ಕನೆಕ್ಟರು ಯೋಗ್ಯವಲ್ಲ. ಅದರ ಒಡಲಿನೊಳಗೆ ಇಂಪೀಡೆನ್ಸು ೫೦ ಓಮಿನಲ್ಲಿ ಸ್ಥಿರವಾಗಿ ನಿಲ್ಲದೆ ಕೆಳಗಿಳಿಯುವುದೇ ಇದಕ್ಕೆ ಕಾರಣ.

ರೇಡಾರಿನ ಆವೃತ್ತಿಗಳು ಏರಿದಂತೆ ಈ ದೋಷ ಅಸಹ್ಯವಾಯಿತು. ೧೯೪೦ರ ದಶಕದಲ್ಲಿ ಬೆಲ್ ಪ್ರಯೋಗಶಾಲೆಯ ಪಾಲ್ ನೀಲ್ ಎಂಬಾತನು ಇಂಪೀಡೆನ್ಸು ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿರುವ, ನೀರು ಒಳಗಿಳಿಯದಂತೆ ರಬ್ಬರಿನ ಬಳೆಯುಳ್ಳ ಕನೆಕ್ಟರೊಂದನ್ನು ರಚಿಸಿದನು. ಆತನ ಹೆಸರಿನ ಮೊದಲ ಅಕ್ಷರದಿಂದ ಅದು ಎನ್ ಕನೆಕ್ಟರಾಯಿತು. ಆಂಫೆನಾಲಿನ ಕಾರ್ಲ್ ಕಾನ್ಸೆಲ್‌ಮನ್ ರಚಿಸಿದುದು ಸಿ ಕನೆಕ್ಟರು. ಇವರಿಬ್ಬರ ಹೆಸರುಗಳನ್ನೂ ಕೂಡಿಸಿಕೊಂಡು ಬಂದ ಚಿಕ್ಕ ಕನೆಕ್ಟರು ಬಿ.ಎನ್.ಸಿ. ಇದರಲ್ಲಿ ಬಿ ಎಂದರೆ ಬಯೊನೆಟ್. ನಮ್ಮ ಮನೆಗಳಲ್ಲಿ ಬಲ್ಬನ್ನು ಹೋಲ್ಡರಿಗೆ ಒತ್ತಿ ತಿರುಗಿಸಿ ಸಿಕ್ಕಿಸುವ ರೀತಿಯೇ ಅದು. ಇದಕ್ಕೆ ಆಧಾರವಾದ ಪೇಟೆಂಟನ್ನು ಹೇಜಲ್ಟೈನ್ ಸಂಸ್ಥೆಯ ಆಕ್ಟೇವಿಯೊ ಸಲಾಟಿ ೧೯೪೫ರಲ್ಲಿ ಕೋರಿ ೧೯೫೧ರಲ್ಲಿ ಪಡೆದನು. ಬ್ರಿಟಿಷ್ ನೌಕಾಪಡೆಯ ಕನೆಕ್ಟರೆಂದೂ ಎನ್ ಕನೆಕ್ಟರಿನ ಶಿಶುವೆಂದೂ ಇದರ ಹೆಸರನ್ನು ವಿವರಿಸುವ ರೂಢಿಯುಂಟು. ಅವು ಆಮೇಲೆ ಹುಟ್ಟಿದ ಕಥೆಗಳು. ಸ್ಥಳನಾಮಗಳನ್ನು ಅಭ್ಯಾಸಮಾಡುವವರಿಗೆ ಇಂಥ ಜನಪದ ವ್ಯುತ್ಪತ್ತಿ ಹೊಸತೇನಲ್ಲ. ಹೆಸರಿನ ಮೂಲ ಮರೆತುಹೋದ ಕಡೆಗಳಲ್ಲೆಲ್ಲ ಕಥೆ ಹುಟ್ಟುತ್ತದೆ, ಯಂತ್ರದ ಬಿಡಿಭಾಗವಾದರೂ ಸರಿಯೆ.

೬

ಈ ಕನೆಕ್ಟರುಗಳಲ್ಲಿ ಯಾವುದೂ ಹವ್ಯಾಸಿಯ ಗ್ರಾಹಕ ಆಂಟೆನಾವನ್ನು ಗಮನದಲ್ಲಿರಿಸಿಕೊಂಡು ಹುಟ್ಟಿದುದಲ್ಲ ಎಂಬುದು ಸ್ಪಷ್ಟ. ಹಾಗಾದರೆ ಅವು ಹವ್ಯಾಸಿಯ ಕೈಗೆ ಬಂದ ಬಗೆ ಹೇಗೆ? ೧೯೪೧ರ ಡಿಸೆಂಬರಿನಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಅಲ್ಲಿನ ಹವ್ಯಾಸಿ ನಿಲಯಗಳ ಪ್ರಸಾರ ನಿಂತಿತು. ೧೯೪೫ರ ನವೆಂಬರಿನಲ್ಲಿ ಮತ್ತೆ ಆರಂಭವಾಯಿತು. ಈ ನಡುವೆ ಸೇನೆಗಾಗಿ ರಾಶಿ ರಾಶಿ ಕೇಬಲ್ಲು, ಪ್ಲಗ್ಗು, ಸಾಕೆಟ್ಟುಗಳು ತಯಾರಾಗಿದ್ದವು. ಯುದ್ಧ ಮುಗಿದೊಡನೆ ಅವು ಉಳಿಕೆ ಸಾಮಾನಾಗಿ ಅಗ್ಗದ ಬೆಲೆಗೆ ಮಾರಾಟವಾದವು. ಪಿ.ಎಲ್. ೨೫೯ ಗಟ್ಟಿಮುಟ್ಟಾದುದು, ಸಾಮಾನ್ಯ ಬೆಸುಗೆ ಕಡ್ಡಿಯಿಂದ ಮನೆಯಲ್ಲಿಯೇ ಜೋಡಿಸಬಹುದಾದುದು, ದಪ್ಪ ಕೇಬಲ್ಲಿಗೂ ಹೊಂದುವಂಥದು. ಹವ್ಯಾಸಿ ಅದನ್ನು ಸ್ವೀಕರಿಸಿದುದಕ್ಕೆ ಅದು ಶ್ರೇಷ್ಠವೆಂಬುದು ಕಾರಣವಲ್ಲ, ಅದು ದೊರೆಯುತ್ತಿತ್ತು ಎಂಬುದೇ ಕಾರಣ. ಹಾಗೆ ಬಂದುದು ಯಂತ್ರ ತಯಾರಕರ ರೂಢಿಯಾಯಿತು. ಮುಂದೆ ಅದೇ ಪ್ರಮಾಣವಾಯಿತು.

ಗ್ರಾಹಕ ಯಂತ್ರದ ಕಡೆಗೆ ನೋಡಿದರೆ ಚಿತ್ರ ಇನ್ನೂ ಕುತೂಹಲಕರವಾಗಿದೆ. ೧೯೩೦ರ ದಶಕದಲ್ಲಿ ಆರ್.ಸಿ.ಎ. ಸಂಸ್ಥೆ ಗ್ರಾಮಾಫೋನನ್ನು ರೇಡಿಯೋಗೆ ಕೂಡಿಸುವ ಸಲುವಾಗಿ ಅತ್ಯಂತ ಅಗ್ಗದ ಫೋನೋ ಪ್ಲಗ್ಗೊಂದನ್ನು ತಂದಿತ್ತು. ಉಚ್ಚ ಆವೃತ್ತಿಯ ಚಿಂತೆಯೇ ಅದರ ರಚನೆಯಲ್ಲಿಲ್ಲ. ಆದರೂ ೧೯೫೦ರ ದಶಕದ ಕೊನೆಯಲ್ಲಿ ಬಂದ, ಹವ್ಯಾಸಿ ಗ್ರಾಹಕಗಳಲ್ಲಿ ಅತ್ಯುತ್ತಮವೆಂದು ಹೆಸರಾದ ಕಾಲಿನ್ಸ್ ೭೫ಎಸ್ ಸರಣಿಯ ಯಂತ್ರಗಳಲ್ಲಿ ಆಂಟೆನಾ ಸೇರುವ ಬಾಯಿ ಈ ಫೋನೋ ಮಾದರಿಯದೇ. ಅವುಗಳ ವಿನ್ಯಾಸಕಾರರು ಅಜ್ಞಾನಿಗಳಾಗಿರಲಿಲ್ಲ. ೩೦ ಮೆಗಾಹರ್ಟ್ಸಿನ ಕೆಳಗೆ ಗ್ರಹಣದ ಕೆಲಸಕ್ಕೆ ಅಷ್ಟು ಸಾಕೆಂಬುದು ಅವರಿಗೆ ತಿಳಿದಿತ್ತು.

ಮೂರನೆಯ ಮೂಲ ಟೆಲಿವಿಷನ್. ೧೯೫೦ರ ದಶಕದ ಆರಂಭದಲ್ಲಿ ಅಮೆರಿಕದ ಜೆರಾಲ್ಡ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಎರಿಕ್ ವಿನ್‌ಸ್ಟನ್ ಕೇಬಲ್ ಟೆಲಿವಿಷನ್ನಿಗಾಗಿ ಎಫ್ ಕನೆಕ್ಟರನ್ನು ರೂಪಿಸಿದನು. ಇದರಲ್ಲಿ ಪ್ರತ್ಯೇಕವಾದ ಮಧ್ಯದ ಸೂಜಿಯೇ ಇಲ್ಲ; ಕೇಬಲ್ಲಿನ ನಡುವಣ ತಂತಿಯೇ ಸೂಜಿಯ ಕೆಲಸ ಮಾಡುತ್ತದೆ. ಹೀಗೆ ಒಂದು ಭಾಗ ಉಳಿದು ಬೆಲೆ ತಗ್ಗಿತು, ಇಂಪೀಡೆನ್ಸೂ ೭೫ ಓಮಿನ ಹತ್ತಿರ ನಿಂತಿತು. ನಮ್ಮ ದೇಶದಲ್ಲಿ ದೂರದರ್ಶನದ ಮೊದಲ ದಿನಗಳಲ್ಲಿ ಮಾಳಿಗೆಯ ಆಂಟೆನಾದಿಂದ ಚಪ್ಪಟೆಯಾದ ಜೋಡಿ ತಂತಿ ಇಳಿಯುತ್ತಿದ್ದುದನ್ನು ಹಿರಿಯ ಓದುಗರು ನೆನೆಯಬಹುದು. ೧೯೯೧ರ ತರುವಾಯ ಉಪಗ್ರಹ ಮತ್ತು ಕೇಬಲ್ ಟೆಲಿವಿಷನ್ ಹಬ್ಬಿದಂತೆ ೭೫ ಓಮಿನ ಏಕಾಕ್ಷ ಕೇಬಲ್ಲೂ ಎಫ್ ಕನೆಕ್ಟರೂ ಕರ್ನಾಟಕದ ಸಣ್ಣ ಪೇಟೆಗಳಿಗೂ ಬಂದವು.

ಕಡೆಯದಾಗಿ ಬಂದುದು ೧೯೬೦ರ ಸುಮಾರಿನ ಎಸ್.ಎಂ.ಎ. ಸೂಕ್ಷ್ಮತರಂಗ ಯಂತ್ರಗಳಿಗಾಗಿ ಹುಟ್ಟಿದ ಈ ಪುಟ್ಟ ಕನೆಕ್ಟರು ೧೮ ಗಿಗಾಹರ್ಟ್ಸಿನವರೆಗೂ ಸಮರ್ಥವಾದುದು. ಇತ್ತೀಚೆಗೆ ಕಂಪ್ಯೂಟರಿಗೆ ಸಿಕ್ಕಿಸುವ ಅಗ್ಗದ ಗ್ರಾಹಕಗಳ ಮುಖದಲ್ಲಿ ಅದು ಕಾಣಿಸಿಕೊಂಡಿದೆ. ಹೀಗೆ ಹವ್ಯಾಸಿಯ ಮೇಜಿನ ಮೇಲೆ ಸೇನೆ, ಗ್ರಾಮಾಫೋನು, ಟೆಲಿವಿಷನ್, ರೇಡಾರು ಇವೆಲ್ಲವುಗಳ ಆಸ್ತಿ ಬಂದು ಸೇರಿದೆ.

೭

ಇನ್ನು ನಷ್ಟದ ಪ್ರಶ್ನೆಯನ್ನು ತೂಗಿ ನೋಡೋಣ. ಬೆಲ್ ಪ್ರಯೋಗಶಾಲೆಯ ಕಾರ್ಲ್ ಜಾನ್ಸ್ಕಿ ೧೯೩೦ರ ದಶಕದ ಆರಂಭದಲ್ಲಿ ೨೦.೫ ಮೆಗಾಹರ್ಟ್ಸಿನಲ್ಲಿ ಗದ್ದಲದ ಮೂಲಗಳನ್ನು ಹುಡುಕಿದನು. ಹತ್ತಿರದ ಗುಡುಗುಮಳೆ, ದೂರದ ಗುಡುಗುಮಳೆ ಎಂಬ ಎರಡು ಮೂಲಗಳಲ್ಲದೆ, ಸಣ್ಣಗೆ ಸುಯ್ಯೆನ್ನುವ ಮೂರನೆಯ ಗದ್ದಲವೊಂದನ್ನು ಆತ ಕಂಡನು. ಅದು ಆಕಾಶಗಂಗೆಯಿಂದ ಬರುವುದೆಂದು ೧೯೩೩ರಲ್ಲಿ ಪ್ರಕಟಿಸಿದನು. ೧೯೩೭ರಲ್ಲಿ ಗ್ರೋಟ್ ರೀಬರ್ ಎಂಬ ಹವ್ಯಾಸಿ ಇಲಿನಾಯ್ಸ್ ರಾಜ್ಯದ ವೀಟನ್ ಊರಿನಲ್ಲಿ, ತನ್ನ ಮನೆಯ ಹಿತ್ತಲಿನಲ್ಲಿಯೇ ಬೋಗುಣಿಯಂಥ ಆಂಟೆನಾ ಕಟ್ಟಿ ಈ ಶೋಧವನ್ನು ಮುಂದುವರಿಸಿದನು. ೧೯೪೪ರಲ್ಲಿ ಹೆರಾಲ್ಡ್ ಫ್ರೀಸ್ ಗ್ರಾಹಕ ಯಂತ್ರ ತಾನಾಗಿ ಸೇರಿಸುವ ಗದ್ದಲವನ್ನು ಅಳೆಯುವ ಕ್ರಮವನ್ನು ಕ್ರಮಬದ್ಧವಾಗಿ ವಿವರಿಸಿದನು. ಈ ಶೋಧನೆಗಳು ನಮ್ಮ ಪ್ರಶ್ನೆಯ ಎರಡು ತಕ್ಕಡಿಗಳು: ಹೊರಗಿನಿಂದ ಬರುವ ಗದ್ದಲ ಒಂದು ಕಡೆ, ಕೇಬಲ್ಲು ಮತ್ತು ಯಂತ್ರ ಸೇರಿಸುವ ಗದ್ದಲ ಇನ್ನೊಂದು ಕಡೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮನೆಗಳಿರುವ ಬಡಾವಣೆಯಲ್ಲಿ ೧೪ ಮೆಗಾಹರ್ಟ್ಸಿನ ಬಳಿ ಆಂಟೆನಾಕ್ಕೆ ಬಂದು ಸೇರುವ ಗದ್ದಲ, ಉಷ್ಣಜನ್ಯವಾದ ಮೂಲ ಗದ್ದಲಕ್ಕಿಂತ ಸುಮಾರು ೪೦ ಡೆಸಿಬೆಲ್, ಎಂದರೆ ಹತ್ತು ಸಾವಿರ ಪಟ್ಟು ಹೆಚ್ಚಾಗಿರುತ್ತದೆ. ಸಾಮಾನ್ಯ ಗ್ರಾಹಕದ ಗದ್ದಲದ ಅಂಕ ೧೦ ಡೆಸಿಬೆಲ್ ಎಂದೂ, ಮೂವತ್ತು ಮೀಟರು ತೆಳು ಕೇಬಲ್ಲಿನ ನಷ್ಟ ೨ ಡೆಸಿಬೆಲ್ ಎಂದೂ ಇಟ್ಟುಕೊಂಡರೆ ಮೊತ್ತ ೧೨ ಡೆಸಿಬೆಲ್, ಸುಮಾರು ಹದಿನಾರು ಪಟ್ಟು. ಹತ್ತು ಸಾವಿರಕ್ಕೆ ಹದಿನಾರು ಸೇರಿದರೆ ಕಿವಿಗೆ ತಿಳಿಯುವುದೇ? ಸಂಕೇತವೂ ಹೊರಗಿನ ಗದ್ದಲವೂ ಕೇಬಲ್ಲಿನಲ್ಲಿ ಒಟ್ಟಿಗೇ ಕುಗ್ಗುತ್ತವೆ. ಅವುಗಳ ಪರಸ್ಪರ ಪ್ರಮಾಣ ಬದಲಾಗುವುದಿಲ್ಲ. ಕನೆಕ್ಟರೊಂದರ ನಷ್ಟವಾದರೋ ಕೇಬಲ್ಲಿನ ನಷ್ಟದ ಮುಂದೆ ಲೆಕ್ಕಕ್ಕೇ ಬಾರದು. ಯು.ಎಚ್.ಎಫ್. ಕನೆಕ್ಟರಿನ ಅಸಮ ಭಾಗದ ಉದ್ದ ಸುಮಾರು ಎರಡು ಸೆಂಟಿಮೀಟರು. ೧೪ ಮೆಗಾಹರ್ಟ್ಸಿನ ತರಂಗದ ಉದ್ದ ೨೧ ಮೀಟರಿಗೂ ಹೆಚ್ಚು. ಸಾವಿರದಲ್ಲೊಂದು ಪಾಲಿನ ಈ ಅಸಮತೆಯನ್ನು ತರಂಗ ಗಮನಿಸುವುದೇ ಇಲ್ಲ.

೭೫ ಮತ್ತು ೫೦ ಓಮುಗಳನ್ನು ಬೆರಸಬಾರದೆಂಬ ಭಯವನ್ನೂ ಇದೇ ರೀತಿ ತೂಗಬಹುದು. ೭೫ ಓಮಿನ ಕೇಬಲ್ಲನ್ನು ೫೦ ಓಮಿನ ಯಂತ್ರಕ್ಕೆ ಸೇರಿಸಿದರೆ ಪ್ರತಿಫಲನವಾಗುವ ಶಕ್ತಿ ನೂರಕ್ಕೆ ನಾಲ್ಕು ಪಾಲು, ನಷ್ಟ ೦.೨ ಡೆಸಿಬೆಲಿಗೂ ಕಡಿಮೆ. ಪ್ರೇಷಕ ಯಂತ್ರಕ್ಕೆ ಪ್ರತಿಫಲನ ಕಳವಳದ ವಿಷಯವಾಗಬಹುದು, ಗ್ರಾಹಕಕ್ಕಲ್ಲ. ಟೆಲಿವಿಷನ್ ಕೇಬಲ್ಲನ್ನೂ ಎಫ್ ಕನೆಕ್ಟರನ್ನೂ ಹ್ರಸ್ವತರಂಗದ ಗ್ರಹಣಕ್ಕೆ ನಿಶ್ಚಿಂತೆಯಿಂದ ಬಳಸಬಹುದೆಂಬುದು ಇದರಿಂದ ಸಿದ್ಧವಾಗುತ್ತದೆ.

ಆವೃತ್ತಿ ಏರಿದಂತೆ ತಕ್ಕಡಿ ಮೆಲ್ಲನೆ ಇನ್ನೊಂದು ಕಡೆಗೆ ವಾಲುತ್ತದೆ. ನಮ್ಮ ಗೌರಿಬಿದನೂರಿನ ಬಳಿ ೧೯೭೦ರ ದಶಕದಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಸೇರಿ ಸ್ಥಾಪಿಸಿದ ರೇಡಿಯೋ ದೂರದರ್ಶಕ, ಸಾವಿರ ದ್ವಿಧ್ರುವಗಳನ್ನು ಟಿ ಆಕಾರದಲ್ಲಿ ಹರಡಿದ ಶುದ್ಧ ಗ್ರಾಹಕ ಆಂಟೆನಾ. ಅದು ಕೆಲಸ ಮಾಡಿದ ೩೪.೫ ಮೆಗಾಹರ್ಟ್ಸಿನಲ್ಲಿ ಆಕಾಶದ ಗದ್ದಲದ ಉಷ್ಣಮಾನ ಹತ್ತು ಸಾವಿರ ಕೆಲ್ವಿನ್ನಿನ ಆಸುಪಾಸಿನಲ್ಲಿರುತ್ತದೆ. ಅಲ್ಲಿಯೂ ಆಕಾಶವೇ ಯಂತ್ರಕ್ಕಿಂತ ಹೆಚ್ಚು ಗದ್ದಲದ್ದು. ಆದರೆ ೧೪೪ ಮೆಗಾಹರ್ಟ್ಸಿಗೆ ಬಂದರೆ ಆಕಾಶ ಬಹುಮಟ್ಟಿಗೆ ಶಾಂತವಾಗುತ್ತದೆ. ೪೩೨ರಲ್ಲಿ ಇನ್ನೂ ಶಾಂತ. ಅಲ್ಲಿ ಯಂತ್ರದ ಮುಂದಿನ ಪ್ರತಿಯೊಂದು ಡೆಸಿಬೆಲ್ ನಷ್ಟವೂ ನೇರವಾಗಿ ಗದ್ದಲದ ಲೆಕ್ಕಕ್ಕೆ ಸೇರುತ್ತದೆ. ತರಂಗದ ಉದ್ದವೂ ೬೯ ಸೆಂಟಿಮೀಟರಿಗೆ ಇಳಿದಿರುವುದರಿಂದ ಎರಡು ಸೆಂಟಿಮೀಟರಿನ ಅಸಮತೆ ಗಣನೀಯವಾಗುತ್ತದೆ. ಉಪಗ್ರಹದ ಸಂಕೇತಗಳನ್ನು ಕೇಳಬಯಸುವವರು ಎನ್ ಅಥವಾ ಬಿ.ಎನ್.ಸಿ. ಕನೆಕ್ಟರನ್ನು ಆರಿಸುವುದು ಆದುದರಿಂದ ಯುಕ್ತ.

೮

ಹ್ರಸ್ವತರಂಗದಲ್ಲಿ ನಷ್ಟ ಮುಖ್ಯವಲ್ಲವೆಂದ ಮೇಲೆ ಯಾವ ಕನೆಕ್ಟರಾದರೂ ಆದೀತೇ? ಆಗದು. ಹೆವಿಸೈಡನ ಮೂಲ ಪ್ರಶ್ನೆ ಇಲ್ಲಿ ಮರಳಿ ಬರುತ್ತದೆ: ಕವಚ ಎಲ್ಲಿಯಾದರೂ ಕಡಿದಿದೆಯೇ?

ಯು.ಎಚ್.ಎಫ್. ಕನೆಕ್ಟರಿನಲ್ಲಿ ಕವಚದ ಸಂಪರ್ಕ ಹೊರಗಿನ ತಿರುಪಿನ ಉಂಗುರದ ಬಿಗಿಯನ್ನು ಅವಲಂಬಿಸಿದೆ. ಉಂಗುರ ಅರ್ಧ ಸುತ್ತು ಸಡಿಲಿದರೂ ನಡುವಣ ಸೂಜಿ ತಾಗಿಯೇ ಇರುತ್ತದೆ; ಸಂಕೇತ ಕೇಳುತ್ತಲೇ ಇರುತ್ತದೆ; ಕವಚ ಮಾತ್ರ ತಪ್ಪಿಹೋಗಿರುತ್ತದೆ. ಕೇಳುವವನು ತನ್ನ ಆಂಟೆನಾವನ್ನೋ ವಾತಾವರಣವನ್ನೋ ದೂಷಿಸುತ್ತಾನೆ. ಕೇಬಲ್ಲಿನ ತಂತಿಯ ಹೆಣಿಗೆಗೆ ಬೆಸುಗೆ ಸರಿಯಾಗಿ ಹಿಡಿಯದಿರುವುದು ಈ ಕನೆಕ್ಟರಿನ ಇನ್ನೊಂದು ಸಾಮಾನ್ಯ ದೋಷ. ಬಿ.ಎನ್.ಸಿ.ಯಲ್ಲಿ ಸ್ಪ್ರಿಂಗಿನ ಒತ್ತಡ ಇರುವುದರಿಂದ ಸ್ವಲ್ಪ ಅಲುಗಾಡಿದರೂ ಸಂಪರ್ಕ ಉಳಿಯುತ್ತದೆ. ಹಳತಾಗಿ ಸವೆದರೆ ಅಲುಗಿದಾಗಲೆಲ್ಲ ಕರಕರ ಸದ್ದು ಬರುತ್ತದೆ. ಫೋನೋ ಪ್ಲಗ್ಗಿನ ಹೊರ ಎಸಳುಗಳು ಕಾಲಕ್ರಮದಲ್ಲಿ ಅಗಲಿ ಸಡಿಲವಾಗುತ್ತವೆ. ಎಸ್.ಎಂ.ಎ. ಉತ್ತಮವಾದುದೇ, ಆದರೆ ನಾಜೂಕು. ಅದಕ್ಕೆ ದಪ್ಪ ಕೇಬಲ್ಲನ್ನು ನೇತುಹಾಕಿದರೆ ಭಾರವೆಲ್ಲ ಗ್ರಾಹಕದ ಒಳ ಹಲಗೆಯ ಮೇಲೆ ಬೀಳುತ್ತದೆ. ನಡುವೆ ತೆಳುವಾದ ತುಂಡು ಕೇಬಲ್ಲೊಂದನ್ನು ಇಡುವುದು ಇದಕ್ಕೆ ಪರಿಹಾರ.

ಎರಡನೆಯ ಶತ್ರು ನೀರು. ಮಲೆನಾಡು ಕರಾವಳಿಗಳಲ್ಲಿ ಮಳೆಗಾಲವೊಂದನ್ನು ಕಂಡ ಕೇಬಲ್ಲನ್ನು ಬಿಚ್ಚಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಂತಿಯ ಹೆಣಿಗೆ ದೀಪದ ಬತ್ತಿಯಂತೆ ನೀರನ್ನು ಒಳಗೆಳೆದುಕೊಳ್ಳುತ್ತದೆ, ತಾಮ್ರ ಕಪ್ಪಾಗುತ್ತದೆ, ಕವಚದ ಎಳೆಗಳ ನಡುವಣ ಸಂಪರ್ಕ ಕೆಡುತ್ತದೆ. ಎನ್ ಕನೆಕ್ಟರೊಂದರಲ್ಲಿ ನೀರನ್ನು ತಡೆಯುವ ಬಳೆ ಹುಟ್ಟಿನಿಂದಲೇ ಇದೆ. ಉಳಿದವನ್ನು ಹೊರಗೆ ಬಳಸುವಾಗ ಬಾಯಿ ಕೆಳಮುಖವಾಗುವಂತೆ ಇಟ್ಟು, ತಾನೇ ಬೆಸೆದುಕೊಳ್ಳುವ ರಬ್ಬರು ಪಟ್ಟಿಯನ್ನು ಬಿಗಿಯಾಗಿ ಸುತ್ತುವುದು ಅವಶ್ಯಕ. ಎಫ್ ಕನೆಕ್ಟರಿನಲ್ಲಿ ಕೇಬಲ್ಲಿನ ನಡುತಂತಿಯೇ ಸೂಜಿಯಾಗಿರುವುದರಿಂದ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಆ ತಂತಿ ಅನೇಕ ವೇಳೆ ತಾಮ್ರದ ಲೇಪವುಳ್ಳ ಉಕ್ಕು. ನೀರು ತಾಗಿದರೆ ಲೇಪ ಹೋಗಿ ತುಕ್ಕು ಹಿಡಿಯುತ್ತದೆ.

ತನ್ನ ಕೇಬಲ್ಲಿನ ಕವಚ ಸರಿಯಾಗಿದೆಯೇ ಎಂದು ತಿಳಿಯಲು ಯಾವ ಹವ್ಯಾಸಿಯಾದರೂ ಮಾಡಬಹುದಾದ ಸುಲಭ ಪರೀಕ್ಷೆಯೊಂದುಂಟು. ಆಂಟೆನಾದ ಬಳಿ ಕೇಬಲ್ಲನ್ನು ಬಿಡಿಸಿ, ಆ ತುದಿಗೆ ಕೇಬಲ್ಲಿನ ಇಂಪೀಡೆನ್ಸಿಗೆ ಸಮನಾದ, ೫೦ ಅಥವಾ ೭೫ ಓಮಿನ ರೋಧಕವನ್ನು ಕವಚದೊಳಗೆ ಮುಚ್ಚಿ ಕೂಡಿಸಬೇಕು. ಅನಂತರ ಮನೆಗೆ ಬಂದು ಯಂತ್ರವನ್ನು ಆಲಿಸಬೇಕು. ಕವಚ ಅಖಂಡವಾಗಿದ್ದರೆ ಯಂತ್ರ ಬಹುತೇಕ ಮೌನವಾಗುತ್ತದೆ. ಗದ್ದಲವೋ ಪರಿಚಿತ ನಿಲಯಗಳೋ ಇನ್ನೂ ಕೇಳಿಬರುತ್ತಿದ್ದರೆ ಅವು ಆಂಟೆನಾದಿಂದ ಬರುತ್ತಿಲ್ಲ. ಕೇಬಲ್ಲಿನ ಹೊರಮೈಯಿಂದ ಕನೆಕ್ಟರಿನ ಬಿರುಕಿನ ಮೂಲಕ ಬರುತ್ತಿವೆ. ಇಂಥ ಸ್ಥಿತಿಯಲ್ಲಿ ಎತ್ತರದ ಕಂಬವನ್ನೋ ಹೊಸ ಗ್ರಾಹಕವನ್ನೋ ಕೊಳ್ಳುವುದು, ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗುತ್ತದೆ.

೯

ಈ ಚರ್ಚೆಯಿಂದ ಹೊರಡುವ ನಿರ್ಣಯಗಳನ್ನು ಹೀಗೆ ಸಂಗ್ರಹಿಸಬಹುದು. ೩೦ ಮೆಗಾಹರ್ಟ್ಸಿನ ಕೆಳಗೆ ಗ್ರಹಣಕ್ಕೆ ಮಾತ್ರ ಬಳಸುವ ಆಂಟೆನಾಕ್ಕೆ ಎಫ್, ಬಿ.ಎನ್.ಸಿ., ಯು.ಎಚ್.ಎಫ್. ಇವುಗಳಲ್ಲಿ ಯಾವುದಾದರೂ ವಿದ್ಯುತ್ತಿನ ದೃಷ್ಟಿಯಿಂದ ಸಾಕು. ಕೈಯಲ್ಲಿರುವ ಕೇಬಲ್ಲಿಗೆ ಯಾವುದು ಸರಿಯಾಗಿ ಹೊಂದುತ್ತದೆಯೋ, ಯಾವುದನ್ನು ತಾನು ದೋಷವಿಲ್ಲದೆ ಜೋಡಿಸಬಲ್ಲನೋ, ಅದನ್ನೇ ಹವ್ಯಾಸಿ ಆರಿಸಬೇಕು. ಮಳೆಗೆ ಒಡ್ಡಿದ ಕಡೆ ಎನ್ ಕನೆಕ್ಟರು, ಇಲ್ಲವೇ ಚೆನ್ನಾಗಿ ಸುತ್ತಿ ಮುಚ್ಚಿದ ಬೇರೊಂದು. ಪದೇ ಪದೇ ಬಿಡಿಸಿ ಕೂಡಿಸುವ ಕಡೆ ಬಿ.ಎನ್.ಸಿ.; ೧೪೪ ಮೆಗಾಹರ್ಟ್ಸ್ ಮತ್ತು ಅದರ ಮೇಲೆ ಎನ್ ಅಥವಾ ಬಿ.ಎನ್.ಸಿ. ಬೇರೆ ಬೇರೆ ಮಾದರಿಗಳನ್ನು ಕೂಡಿಸುವ ಅಡಾಪ್ಟರುಗಳ ಸಾಲನ್ನು ಆದಷ್ಟು ತಪ್ಪಿಸಬೇಕು. ಪ್ರತಿಯೊಂದು ಅಡಾಪ್ಟರೂ ಕವಚದಲ್ಲಿ ಮತ್ತೊಂದು ಕೀಲು.

ಚರಿತ್ರೆಯ ವಿದ್ಯಾರ್ಥಿ ಇದರಿಂದ ಕಲಿಯಬೇಕಾದುದೂ ಉಂಟು. ವಸ್ತುವೊಂದು ಪ್ರಮಾಣವಾಗಿ ನಿಂತಿದೆ ಎಂದ ಮಾತ್ರಕ್ಕೆ ಅದು ನಮ್ಮ ಅಗತ್ಯವನ್ನು ತೂಗಿ ಆರಿಸಿದುದೆಂದು ಭಾವಿಸಲಾಗದು. ಪಿ.ಎಲ್. ೨೫೯ ನಮ್ಮ ಮೇಜಿಗೆ ಬಂದುದು ಯುದ್ಧದ ಉಳಿಕೆಯಾಗಿ. ಎಫ್ ಬಂದುದು ಟೆಲಿವಿಷನ್ನಿನ ಜೊತೆಗೆ. ಅವುಗಳೊಂದಿಗೆ ಅವುಗಳನ್ನು ಹುಟ್ಟಿಸಿದವರ ಪ್ರಶ್ನೆಗಳೂ ಬಂದವು. ಆ ಪ್ರಶ್ನೆಗಳನ್ನು ನಮ್ಮವೆಂದೇ ನಾವು ನಂಬಿಕೊಂಡೆವು. ಗ್ರಾಹಕನ ನಿಜವಾದ ಪ್ರಶ್ನೆಯನ್ನು ೧೮೮೦ರಲ್ಲಿಯೇ ಕೇಳಿದ್ದವನು ಟೆಲಿಫೋನಿನ ತಂತಿಯಲ್ಲಿ ಅನ್ಯ ಸದ್ದು ಸೇರದಂತೆ ಕೊಳವೆಯ ಕವಚವನ್ನು ಕಲ್ಪಿಸಿದ ಆ ಏಕಾಂತವಾಸಿ. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಮೇಲೆ ಹೇಳಿದ ರೋಧಕದ ಪರೀಕ್ಷೆಯನ್ನು ಬೇರೆ ಬೇರೆ ಕನೆಕ್ಟರುಗಳ ಮೇಲೆ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ನಡೆಸಿ ಫಲಿತಾಂಶಗಳನ್ನು ದಾಖಲಿಸಿದರೆ, ಈ ವಿಷಯದಲ್ಲಿ ನಮ್ಮ ನೆಲದ ಹವೆಗೆ ಹೊಂದುವ ತಿಳಿವಳಿಕೆ ದೊರೆಯುವುದರಲ್ಲಿ ಸಂದೇಹವಿಲ್ಲ.